ಕೆಸುವಿನ ಪಾಠ

5 ಜುಲೈ 1982, ಸೋಮವಾರ

ನೋಟ್ಸ್ ಆಫ್ ಲೆಸನ್‌ಗೆ ಎಚ್ಚೆಮ್ ಸಹಿ ಆಯಿತು, ಪಾಠ ಮಾಡುವ ಮುಂಚೆಯೇ ಬರೆದು ತೋರಿಸಬೇಕಾದ ಪುಸ್ತಕ ಅದು. ಏಳನೇ ಬಿ ಕ್ಲಾಸಿಗೆ ಈ ತಿಂಗಳು ‘ಆಹಾರ ಮತ್ತು ಆರೋಗ್ಯ’. ಕ್ಲಾಸಿನಲ್ಲಿ ಅಲ್ಲ, ತೋಟದಲ್ಲಿ. ಹಾಗೆಂದು ಪುಸ್ತಕದಲ್ಲೇ ಬರೆದಿದ್ದೆ. ನಮ್ಮ ಎಚ್ಚೆಮ್ ಅಂಬುಜಾ ಮೇಡಂ ಕನ್ನಡಕದ ಮೇಲಿನಿಂದ ನೋಡಿ ಕೆಂಪು ಇಂಕಿನಲ್ಲಿ ಸಹಿ ಹಾಕಿದರು.

ತೋಟ ಎಂದರೆ ಏನು ಮಹಾ... ವಾಲಿಬಾಲ್ ಕೋರ್ಟಿನ ಹಿಂದೆ, ಮಕ್ಕಳು ಟಿಫಿನ್ ಡಬ್ಬಿ ತೊಳೆಯುವ ನಲ್ಲಿಯಿಂದ ಕಂಪೌಂಡಿನ ತನಕ ಹನ್ನೆರಡು ಪಾತಿ. ಹರಿವೆ, ಬಸಳೆ, ಬೆಂಡೆ, ಮೂಲೆಯಲ್ಲಿ ಒಂದು ನುಗ್ಗೆ. ಹೋದ ವರ್ಷ ಕಲ್ಲು, ಗಾಜಿನ ಚೂರು ಎಲ್ಲ ಹೆಕ್ಕಿ ಹೆಕ್ಕಿ ಮಾಡಿದ್ದು. ಶಾಲೆಯ ಕರೆಸ್ಪಾಂಡೆಂಟರಿಗೆ ಅದನ್ನು ಕಂಡರೆ ಆಗುವುದಿಲ್ಲ. ಅವರದೇ ಶಾಲೆ, ಅವರದೇ ಜಾಗ. ಸೈಕಲ್ ಸ್ಟ್ಯಾಂಡ್ ಮಾಡಬೇಕಂತೆ.

ಮಾಡಲಿ ನೋಡುವ. ಮಕ್ಕಳ ಡಬ್ಬಿ ತೆರೆದರೆ ಹೊಟ್ಟೆ ಉರಿಯುತ್ತದೆ. ಮೊಸರನ್ನ, ನಿಂಬೆಹಣ್ಣಿನ ಅನ್ನ, ಬ್ರೆಡ್ಡು ಜಾಮು. ಹಸಿರು ಅಂತ ಇದ್ದರೆ ಕರಿಬೇವು, ಅದನ್ನೂ ಆರಿಸಿ ಬಿಸಾಡುತ್ತಾರೆ. ನಲವತ್ತೆರಡು ಮಕ್ಕಳಲ್ಲಿ ಹರಿವೆಯನ್ನು ಬೇರು ಸಮೇತ ನೋಡಿದ್ದವರು ಇಬ್ಬರು. ಈಗ ನಲವತ್ತೆರಡೂ ಬೀಜ ಹಾಕುತ್ತವೆ, ನೀರು ಹಾಕುತ್ತವೆ, ಕಿತ್ತು ಮನೆಗೆ ಒಯ್ಯುತ್ತವೆ. ಇದು ನಾನು ಮಾಡಿದ್ದು ಎಂದುಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ವಿಮಲಾಳ ನೋಟ್‌ಬುಕ್ ತಿದ್ದಿದೆ. ತಿದ್ದಲಿಕ್ಕೆ ಏನೂ ಇರುವುದಿಲ್ಲ. ಅವಳ ಅಪ್ಪ ಇಲ್ಲೇ ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋದಲ್ಲಿ ಲೈಟ್ ಹಿಡಿಯುವವನು, ಅಮ್ಮ ಬಟ್ಟೆ ಹೊಲಿಯುವ ಕಂಪನಿಗೆ ಹೋಗುತ್ತಾಳೆ. ಹಟ ಹಿಡಿದು ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಹುಡುಗಿ ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರವಲ್ಲ, ನಾನು ಬಾಯಲ್ಲಿ ಆಡಿದ್ದನ್ನೂ ಬಿಡದೆ ಬರೆದುಕೊಳ್ಳುತ್ತಾಳೆ. ‘ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳಬೇಕು’ ಅಂತ ಇವತ್ತು ಮಾರ್ಜಿನ್‌ನಲ್ಲಿ ಇತ್ತು. ಯಾವಾಗ ಹೇಳಿದ್ದೆನೋ. ನಗು ಬಂತು.

ಈ ಡೈರಿಯನ್ನು ಸ್ಟಾಫ್‌ರೂಮಿನ ಮೇಜಿನ ಮೇಲೇ ಬಿಟ್ಟು ಕ್ಲಾಸಿಗೆ ಹೋಗಿದ್ದೆ. ಚಿಂತೆ ಇಲ್ಲ, ಈ ತಮಿಳು ಊರಿನ ಶಾಲೆಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ. ಮನೆಯಲ್ಲಿ ಮುರಳಿಗೂ ಬರುವುದಿಲ್ಲ. ಹೆತ್ತ ಮಗ, ತಮಿಳಿನಲ್ಲೇ ಉತ್ತರ ಕೊಡುತ್ತಾನೆ.

14 ಜುಲೈ, ಬುಧವಾರ

ಕೆಸು ವಿಪರೀತ ಬಂದಿದೆ. ಹೋದ ವರ್ಷ ಉಡುಪಿಯಿಂದ ಬರುವಾಗ ಅತ್ತೆ ಟ್ರಂಕಿನಲ್ಲಿ ಗೆಡ್ಡೆ ತಂದಿದ್ದರು. ಟಿ. ನಗರದ ಬಾಡಿಗೆ ಮನೆಯಲ್ಲಿ ಮಣ್ಣೆಲ್ಲಿ ಬಂತು? ಶಾಲೆಯ ನಲ್ಲಿಯ ಪಕ್ಕ ಊರಿದ್ದೆ. ಡಬ್ಬಿ ತೊಳೆದ ನೀರು ಕುಡಿದೂ ಕುಡಿದೂ ಎಲೆ ಈಗ ಮೊರದಷ್ಟು ಅಗಲ.

ಮಕ್ಕಳಿಗೆ ಆಶ್ಚರ್ಯ. ಇಲ್ಲಿಯವರು ಗೆಡ್ಡೆ ಹುರಿದು ತಿನ್ನುತ್ತಾರೆ, ಎಲೆಯನ್ನು ದನವೂ ಮುಟ್ಟುವುದಿಲ್ಲ. “ಇಲೈ ಸಾಪ್ಪಿಡಲಾಮಾ ಮಿಸ್?” ಅಂತ ವಿಮಲಾ. ತಿನ್ನಬಹುದು, ಪಾಠಕ್ಕೆ ಬರುತ್ತದೆ, ಕಾಯಿರಿ ಎಂದೆ.

ಸಂಜೆ ಅತ್ತೆ ಶುರು ಮಾಡಿದರು. “ಆಟಿ ಬಂತಲ್ಲ ಗುಣವತಿ. ಒಂದು ಇಪ್ಪತ್ತು ಎಲೆ ತಾ. ಆಟಿಯಲ್ಲಿ ಒಮ್ಮೆ ಆದ್ರೂ ಪತ್ರೊಡೆ ತಿನ್ನದಿದ್ರೆ ಹೇಗೆ?” ಈ ಊರಿನ ಬಿಸಿಲಿಗೂ ನಮ್ಮ ಕಡೆಯ ಮಳೆಗಾಲದ ಆಟಿ ತಿಂಗಳಿಗೂ ಏನು ಸಂಬಂಧವೋ. ಆದರೂ ಭಾನುವಾರ ಮಾಡುವುದೆಂದು ಆಯಿತು.

18 ಜುಲೈ, ಭಾನುವಾರ

ಪತ್ರೊಡೆ ಆಯಿತು. ಅಕ್ಕಿ, ಮೆಣಸು, ಹುಳಿ, ಕಾಯಿ ಅರೆದು ಎಲೆಗೆ ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ. ಇಪ್ಪತ್ತು ವರ್ಷದಿಂದ ಕೈ ತಾನೇ ಮಾಡುತ್ತದೆ, ತಲೆಗೆ ಕೆಲಸವಿಲ್ಲ. ಇವರು ತಮ್ಮ ಹೋಟೆಲಿಗೂ ಒಂದು ಡಬ್ಬಿ ಒಯ್ದರು. ಅಲ್ಲಿಯ ಅಡಿಗೆಯವರೆಲ್ಲ ನಮ್ಮ ಊರಿನವರೇ, ಕಾದು ಕೂತಿರುತ್ತಾರೆ. ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

22 ಜುಲೈ, ಗುರುವಾರ

ಇವತ್ತು ಕೆಸುವಿನ ಪಾಠ. ಎಷ್ಟು ಚೆನ್ನಾಗಿ ಆಯಿತೆಂದರೆ, ನಾನೇ ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕಿತ್ತು.

ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ಎಂದು ತೋರಿಸಿದೆ. ಒಬ್ಬೊಬ್ಬರೂ ಹನಿ ಬಿಟ್ಟು ಉರುಳಿಸಿ ನೋಡಿದರು. ಆಮೇಲೆ ಕಬ್ಬಿಣದ ಅಂಶ, ವಿಟಮಿನ್ ಎ, ಯಾರಿಗೆ ರಕ್ತ ಕಡಿಮೆ, ಯಾರಿಗೆ ಕಣ್ಣು ಮಂಜು. ನೆಲದಲ್ಲಿ ಪುಕ್ಕಟೆ ಬೆಳೆಯುವುದನ್ನು ಬಿಸಾಡಿ ಅಂಗಡಿಯ ಟಾನಿಕ್ ಕುಡಿಯುವ ಜನ ನಾವು ಎಂದು ಬೈದೆ. ಮಕ್ಕಳು ನಕ್ಕರು. ಸೊಪ್ಪಿನ ಹಾಗೆಯೇ ಬೇಳೆ ಜೊತೆ ಬೇಯಿಸಿ ತಿನ್ನಿ, ನಾಳೆ ರುಚಿ ಹೇಗಿತ್ತು ಬರೆದು ತನ್ನಿ ಎಂದೆ. ಅಷ್ಟರಲ್ಲಿ ಬೆಲ್. ಎಲೆ ಕೊಯ್ದು ಒಬ್ಬೊಬ್ಬರಿಗೆ ನಾಲ್ಕು ಕೊಟ್ಟೆ. ತಲೆಯ ಮೇಲೆ ಕೊಡೆಯ ಹಾಗೆ ಹಿಡಿದುಕೊಂಡು ಓಡಿದವು.

ಸೈಕಲ್ ಸ್ಟ್ಯಾಂಡ್ ಅಂತೆ. ಬಂದು ಇದನ್ನು ನೋಡಬೇಕಿತ್ತು.

23 ಜುಲೈ, ಶುಕ್ರವಾರ. ಮಧ್ಯಾಹ್ನ 3.15

ಬೆಳಿಗ್ಗೆ ಹೋಮ್‌ವರ್ಕ್ ಕೇಳಿದೆ. ನಲವತ್ತೊಂದು ಮಕ್ಕಳ ಅಮ್ಮಂದಿರೂ ಎಲೆಯನ್ನು ಹೊರಗೆ ಎಸೆದಿದ್ದರು. ಬೇಸರವಾಯಿತು. ವಿಮಲಾ ಬಂದಿರಲಿಲ್ಲ.

ಎರಡು ಗಂಟೆಗೆ ಆಫೀಸಿನಿಂದ ಕರೆ. ವಿಮಲಾಳ ಅಪ್ಪ ನಿಂತಿದ್ದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎಲೆ. ಡಾಕ್ಟರು ಇದು ಯಾವ ಎಲೆ ಎಂದು ಕೇಳಿಕೊಂಡು ಬಾ ಎಂದರಂತೆ. ಗಲಾಟೆ ಮಾಡಲಿಲ್ಲ. ಬರೆದು ಕೊಡಿ ಎಂದು ಕೈಮುಗಿದ.

ಆದದ್ದು ಇಷ್ಟು. ನಿನ್ನೆ ಸಂಜೆ ಅಮ್ಮ ಕಂಪನಿಯಿಂದ ಬಂದಿರಲಿಲ್ಲ. ವಿಮಲಾ ತಾನೇ ಒಲೆ ಹಚ್ಚಿ ಎಲೆ ಹೆಚ್ಚಿ ಬೇಳೆ ಜೊತೆ ಬೇಯಿಸಿ, ಮೂರು ವರ್ಷದ ತಂಗಿಗೆ ಅನ್ನಕ್ಕೆ ಕಲಸಿ ತಿನ್ನಿಸಿದಳು. ತಂಗಿಗೆ ಹಸಿವು, ನಾಲ್ಕು ತುತ್ತು ನುಂಗಿಬಿಟ್ಟಿತು. ಆಮೇಲೆ ಒಂದೇ ಸಮ ಅಳು. ನಾಲಿಗೆ ದಪ್ಪವಾಯಿತು, ಗಂಟಲು ಬಾತು ಉಸಿರು ಎಳೆಯುತ್ತಿತ್ತು. ಆಸ್ಪತ್ರೆಯಲ್ಲಿ ಇದೆ.

ಹುಳಿ. ಹುಳಿ ಹಾಕದೆ ಕೆಸು ತಿಂದರೆ ಗಂಟಲು ತುರಿಸುತ್ತದೆ. ದೊಡ್ಡವರಿಗೆ ತುರಿಕೆ, ಅಷ್ಟು ಚಿಕ್ಕದಕ್ಕೆ... ನಾನು ಹುಳಿಯ ಮಾತು ಹೇಳಲೇ ಇಲ್ಲ. ನಮ್ಮಲ್ಲಿ ಹುಳಿ ಇಲ್ಲದೆ ಕೆಸುವನ್ನು ಯಾರೂ ಒಲೆಯ ಮೇಲೆ ಇಡುವುದಿಲ್ಲ. ಪತ್ರೊಡೆಯ ಹಿಟ್ಟಿನಲ್ಲೇ ಅರೆದಿರುತ್ತದೆ. ಬೇರೆಯಾಗಿ ಹೇಳಬೇಕಾದ ಸಂಗತಿ ಎಂದು ನನಗೆ ಹೊಳೆಯಲೇ ಇಲ್ಲ.

ಅವನು ಹೋದ ಮೇಲೆ ಮೇಡಂ ಬಾಗಿಲು ಹಾಕಿದರು. ಮೇಡಂ ನನ್ನ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುವುದು. “ಗುಣವತಿ, ಯೂ ಟೋಲ್ಡ್ ದೆಮ್ ಹೌ ಟು ಕುಕ್ ಇಟ್, ನೋ?”

ಯೆಸ್ ಮೇಡಂ, ಎಂದೆ. ಟ್ಯಾಮರಿಂಡ್ ಹಾಕಬೇಕೆಂದು ಹೇಳಿದ್ದೆ, ಎಂದೆ. ಬಾಯಿಂದ ಬಂದುಹೋಯಿತು.

ಅದೇ ದಿನ, 4.30

ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲ. ನೋಟ್ಸ್ ಆಫ್ ಲೆಸನ್ ತೆಗೆದೆ. ಐದನೇ ತಾರೀಕಿನ ಕೆಂಪು ಸಹಿ ಇದೆ. ಕಬ್ಬಿಣದ ಅಂಶದ ಸಾಲಿಗೂ ವಿಟಮಿನ್ನಿನ ಸಾಲಿಗೂ ನಡುವೆ ಸ್ವಲ್ಪ ಜಾಗ ಇತ್ತು. ಅದೇ ಪೆನ್ನು, ಅದೇ ಇಂಕು. ‘ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕೆಂದು ಮಕ್ಕಳಿಗೆ ಎಚ್ಚರಿಕೆ ಕೊಡುವುದು’ ಎಂದು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದೆ.

ಒಂದು ಅಕ್ಷರವೂ ಸೊಟ್ಟಗಾಗಲಿಲ್ಲ. ಅದನ್ನು ನೆನೆದು ಈಗ ಹೆದರಿಕೆ ಆಗುತ್ತಿದೆ.

26 ಜುಲೈ, ಸೋಮವಾರ

ಮಗು ನಿನ್ನೆ ಮನೆಗೆ ಬಂತಂತೆ. ಗಂಜಿ ಕುಡಿಯುತ್ತಿದೆ. ದೇವರು ದೊಡ್ಡವನು.

ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಕರೆಸ್ಪಾಂಡೆಂಟರೂ ಇದ್ದರು. ಮೇಡಂ ನನ್ನ ನೋಟ್ಸ್ ತರಿಸಿದರು. ಪುಟ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು, ತಮಿಳಿನಲ್ಲಿ ಓದಿ ಹೇಳಿದರು. ಮಿಸ್ ಎಷ್ಟು ಸ್ಪಷ್ಟವಾಗಿ ಬರೆದಿದ್ದಾರೆ ನೋಡಿ, ನಿಮ್ಮ ಮಗಳ ಗಮನ ಎಲ್ಲಿತ್ತೋ, ಎಂದರು. ಓದುವಾಗ ಬೆರಳು ಆ ಚಿಕ್ಕ ಅಕ್ಷರಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ಗೊತ್ತಾಯಿತೋ ಇಲ್ಲವೋ. ಗೊತ್ತಾಗಿದ್ದರೂ ಮೇಡಂಗೆ ಶಾಲೆಯ ಹೆಸರು ಮುಖ್ಯ.

ಅಪ್ಪ ತಲೆ ತಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಮನ್ನಿಚ್ಚಿಡುಂಗ ಮಿಸ್,” ಎಂದ. ನನ್ನ ಹತ್ತಿರ ಕ್ಷಮೆ ಕೇಳಿದ. ಪರವಾಗಿಲ್ಲ ಎಂದೆ. ನಾನು, ಅವನಿಗೆ, ಪರವಾಗಿಲ್ಲ ಎಂದೆ.

28 ಜುಲೈ, ಬುಧವಾರ

ವಿಮಲಾ ಇನ್ನೂ ಬಂದಿಲ್ಲ. ಪಕ್ಕದ ಬೆಂಚಿನ ಹುಡುಗಿ ಅವಳ ಬೀದಿಯವಳೇ. ವಿಮಲಾಳಿಗೆ ಅಪ್ಪ ಬೆಲ್ಟಿನಲ್ಲಿ ಹೊಡೆದನಂತೆ. ಕ್ಲಾಸಿನಲ್ಲಿ ಮಿಸ್ ಹೇಳಿದ್ದು ಕಿವಿಗೆ ಹೋಗದ ಮೇಲೆ ಇಂಗ್ಲಿಷ್ ಶಾಲೆ ಯಾತಕ್ಕೆ, ಮನೆಯಲ್ಲಿ ತಂಗಿಯನ್ನು ನೋಡಿಕೊಂಡು ಇರಲಿ, ಎಂದನಂತೆ.

ಸಂಜೆ ಅತ್ತೆಗೆ ಅರ್ಧ ಸುದ್ದಿ ಹೇಳಿದೆ, ಮಗುವಿಗೆ ಗಂಟಲು ಬಾತದ್ದು ಮಾತ್ರ. ಸೊಪ್ಪು ಸೋಸುತ್ತಾ ಕೇಳಿದರು. “ಹುಳಿ ಹಾಕ್ಲಿಲ್ವಾ? ಅಯ್ಯೋ. ಹುಳಿ ಹಾಕದೆ ಕೆಸು ಬೇಯಿಸ್ಲಿಕ್ಕೆ ಉಂಟಾ? ಅದನ್ನು ಸಹ ಒಬ್ಬರು ಹೇಳಿ ಕೊಡ್ಬೇಕಾ?”

ಹೌದು ಅತ್ತೆ, ಹೇಳಿಕೊಡಬೇಕು. ಅದಕ್ಕೇ ಟೀಚರ್ ಎಂದು ಇಟ್ಟುಕೊಂಡಿರುವುದು. ಮನಸ್ಸಿನಲ್ಲೇ ಎಂದುಕೊಂಡೆ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

4 ಆಗಸ್ಟ್, ಬುಧವಾರ

ಇವತ್ತು ಕನ್ಫರ್ಮೇಶನ್ ಆರ್ಡರ್ ಕೈಗೆ ಬಂತು. ಎರಡು ವರ್ಷದ ಪ್ರೊಬೇಶನ್ ಮುಗಿಯಿತು. ಹನ್ನೊಂದು ವರ್ಷ ಮನೆಯಲ್ಲಿ ರುಬ್ಬಿ, ತೊಳೆದು, ಆಮೇಲೆ ಇವರನ್ನು ಒಪ್ಪಿಸಿ, ಹಳೇ ಬಿ.ಎಡ್. ಸರ್ಟಿಫಿಕೇಟಿನ ಧೂಳು ಕೊಡವಿ ಹಿಡಿದ ಕೆಲಸ. ಈ ಕಾಗದಕ್ಕಾಗಿ ಎಷ್ಟು ಕಾದಿದ್ದೆ. ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದೆ, ಮತ್ತೆ ತೆಗೆದು ನೋಡಲಿಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ಕರೆಸ್ಪಾಂಡೆಂಟರು ನನ್ನ ನೋಟ್ಸ್ ಪುಸ್ತಕವನ್ನು ಎತ್ತಿ ಹಿಡಿದರು. ಎಲ್ಲರೂ ಹೀಗೆ ಬರೆಯಬೇಕು, ಗುಣವತಿ ಟೀಚರ್ ಹೀಗೆ ಬರೆದದ್ದರಿಂದ ಶಾಲೆಯ ಮಾನ ಉಳಿಯಿತು, ಎಂದರು. ತಮಿಳು ಟೀಚರ್ ಚಪ್ಪಾಳೆ ಬೇರೆ ತಟ್ಟಿದರು. ನೆಲ ಬಾಯಿ ಬಿಡಬಾರದೇ ಅನಿಸಿತು.

ಕೆಸುವನ್ನೆಲ್ಲ ತೆಗೆಸಬೇಕೆಂದು ಹುಕುಂ. ತೋಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸದ್ಯಕ್ಕೆ ಬೇಡ. ಕೆಲಸದವಳನ್ನು ಕರೆಯದೆ ನಾನೇ ಕಿತ್ತೆ. ಬುಡದಿಂದ ಒಂದೊಂದಾಗಿ. ಗೆಡ್ಡೆಯ ರಸ ತಾಗಿ ಎರಡೂ ಕೈ ಮೊಣಕೈ ತನಕ ತುರಿಕೆ. ಊರಿನಲ್ಲಾದರೆ ಹುಳಿ ಹಚ್ಚಿಕೊಳ್ಳುತ್ತೇವೆ. ಹಚ್ಚಿಕೊಳ್ಳಲಿಲ್ಲ. ತುರಿಸಲಿ.

11 ಆಗಸ್ಟ್, ಬುಧವಾರ

ವಿಮಲಾಳ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ರೈಲು ಹಳಿಯ ಪಕ್ಕದ ಓಣಿ, ಒಂದು ಕೋಣೆ, ಹೊರಗೆ ಚಾಪೆ. ಅಪ್ಪ ಶೂಟಿಂಗಿಗೆ ಹೋಗಿದ್ದ. ತಂಗಿ ಬಾಗಿಲಲ್ಲಿ ಕೂತು ಪೊರಕೆಯ ಕಡ್ಡಿ ಕೀಳುತ್ತಿತ್ತು. ಚೆನ್ನಾಗಿದೆ. ನನ್ನನ್ನು ನೋಡಿ ನಕ್ಕಿತು. ಅದರ ನಗು ನೋಡಿ ಅರ್ಧ ಧೈರ್ಯ ಉಡುಗಿತು.

ಅಮ್ಮ ಸೆರಗು ಸರಿಮಾಡಿಕೊಂಡು ಓಡಿ ಹೋಗಿ ಪಕ್ಕದ ಮನೆಯಿಂದ ಹಾಲು ತಂದು ಕಾಫಿ ಮಾಡಿದಳು. ಮಿಸ್ ಮನೆ ತನಕ ಬಂದಿದ್ದಾರೆ ಎಂದು ಕೃತಜ್ಞತೆ. ಕಾಫಿ ಕುಡಿದೆ. ಬಾಯಿ ತೆರೆದಾಗಲೆಲ್ಲ ಬೇರೆ ಮಾತು ಬಂತು. ಮಳೆ ಇಲ್ಲ, ಬಸ್ಸು ರಷ್ಷು, ಅಂಥದ್ದು.

ವಿಮಲಾ ಒಳಗಿನಿಂದ ಸೈನ್ಸ್ ನೋಟ್‌ಬುಕ್ ತಂದಳು. ಹುಡುಗಿ ಸೊರಗಿದ್ದಾಳೆ. ಜುಲೈ 22ರ ಪುಟ ತೆಗೆದು ನನ್ನ ಮುಂದೆ ಹಿಡಿದಳು. ನೀರಿನ ಹನಿ, ಕಬ್ಬಿಣದ ಅಂಶ, ವಿಟಮಿನ್ ಎ, ಟಾನಿಕ್ಕಿನ ಬೈಗುಳ, ‘ಬೇಳೆ ಜೊತೆ ಬೇಯಿಸಬೇಕು’, ಎಲ್ಲ ಇತ್ತು. ಕೆಳಗೆ ಪೆನ್ಸಿಲ್ಲಿನಲ್ಲಿ ಹೊಸದಾಗಿ ಒಂದು ಸಾಲು. ‘ಹುಣಸೆಹುಳಿ ಹಾಕಿ ಬೇಯಿಸಬೇಕು.’

“ಅನ್ನಿಕ್ಕಿ ನಾನ್ ಗವನಿಕ್ಕಲೆ ಮಿಸ್. ಇಪ್ಪೋ ಎಳುದಿಟ್ಟೇನ್,” ಎಂದಳು. ಅವತ್ತು ತಾನು ಗಮನ ಕೊಡಲಿಲ್ಲವಂತೆ. ಈಗ ಬರೆದುಕೊಂಡಿದ್ದಾಳಂತೆ.

ನಾನು ಆಡಿದ ಒಂದೊಂದು ಮಾತನ್ನೂ ಬರೆದಿಟ್ಟ ಪುಟ ಅವಳ ಕೈಯಲ್ಲೇ ಇದೆ. ಅದನ್ನು ನಂಬಲಿಲ್ಲ ಅವಳು. ತನ್ನ ಕಿವಿಯನ್ನು ನಂಬಲಿಲ್ಲ. ನನ್ನನ್ನು ನಂಬಿದಳು. ನನ್ನ ಹಾಗೆಯೇ ಸಾಲು ಸೇರಿಸಿದ್ದಾಳೆ, ಸುಳ್ಳು ಹೇಳಲಿಕ್ಕಲ್ಲ, ಸರಿ ಮಾಡಲಿಕ್ಕೆ.

ವೆರಿ ಗುಡ್ ಎಂದೆ. ಎದ್ದು ಬಂದೆ. ಬಸ್ಸಿನಲ್ಲಿ ನಿಂತುಕೊಂಡೇ ಅತ್ತುಬಿಟ್ಟೆ. ಕಂಡಕ್ಟರ್ ಸೀಟು ಬಿಡಿಸಿಕೊಟ್ಟ.

12 ಆಗಸ್ಟ್, ಗುರುವಾರ. ಬೆಳಿಗ್ಗೆ

ಇವರು ಹೋಟೆಲಿಗೆ ಹೊರಡುವ ಮುಂಚೆ ಎಲ್ಲ ಹೇಳಿದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದರು.

“ಮಗು ಹುಷಾರಾಯ್ತಲ್ಲ ಮಾರಾಯ್ತಿ. ಇನ್ನು ಹೇಳಿ ಎಂತ ಪ್ರಯೋಜನ? ಕೆಲ್ಸ ಹೋದ್ರೆ ಮತ್ತೆ ಸಿಕ್ಕುದಿಲ್ಲ,” ಎಂದರು ಮೊದಲು. ನಾನೂ ಅದನ್ನೇ ಕೇಳಬೇಕೆಂದಿದ್ದೆನೋ ಏನೋ, ಸ್ವಲ್ಪ ಹಗುರವಾಯಿತು.

ಚಪ್ಪಲಿ ಹಾಕಿಕೊಂಡವರು ಬಾಗಿಲಲ್ಲಿ ನಿಂತರು. “ಆದ್ರೆ ಒಂದು ಮಾತು. ನಮ್ಮ ಹೋಟ್ಲಲ್ಲಿ ಸಾಂಬಾರು ಕೆಟ್ರೆ ಅಡಿಗೆ ಭಟ್ಟನನ್ನೇ ಕರೆದು ಕೇಳುದು. ಬಡಿಸಿದವನನ್ನು ಯಾರೂ ಹೊಡಿಯುದಿಲ್ಲ.” ಅಷ್ಟು ಹೇಳಿ ಇಳಿದು ಹೋದರು. ಇವರ ಬಾಯಲ್ಲಿ ಈ ಮಾತು ಬರುತ್ತದೆಂದು ಮದುವೆಯಾಗಿ ಹದಿಮೂರು ವರ್ಷದಲ್ಲಿ ಗೊತ್ತಿರಲಿಲ್ಲ.

13 ಆಗಸ್ಟ್, ಶುಕ್ರವಾರ

ವಿಮಲಾಳ ಅಪ್ಪ ಟಿ.ಸಿ. ಕೇಳಿದ್ದಾನೆ. ಸೋಮವಾರ ಹತ್ತೂವರೆಗೆ ಬಂದು ಒಯ್ಯುತ್ತಾನಂತೆ. ಒಮ್ಮೆ ಟಿ.ಸಿ. ಹೋಯಿತೆಂದರೆ ಹುಡುಗಿ ಮತ್ತೆ ಯಾವ ಶಾಲೆಯ ಮೆಟ್ಟಿಲೂ ಹತ್ತುವುದಿಲ್ಲ, ನನಗೆ ಗೊತ್ತು.

ಫಾರಂ ತುಂಬಿಸುವುದು ಕ್ಲಾಸ್ ಟೀಚರ್ ಕೆಲಸ, ಅಂದರೆ ನನ್ನದು. ಮೇಡಂ ಪ್ಯೂನ್ ಕೈಯಲ್ಲಿ ಕಳಿಸಿದರು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಬರೆದೆ. ನಡತೆ: ಉತ್ತಮ. ಶಾಲೆ ಬಿಡಲು ಕಾರಣ... ಅಲ್ಲಿಗೆ ಪೆನ್ನು ನಿಂತಿತು. ಫಾರಂ ಮಡಚಿ ನೋಟ್ಸ್ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.

ಪಕ್ಕದ ಬೆಂಚಿನ ಹುಡುಗಿಯ ಹತ್ತಿರ ಹೇಳಿ ಕಳಿಸಿದೆ. ಸೋಮವಾರ ವಿಮಲಾಳೂ ಬರಬೇಕು, ಸೈನ್ಸ್ ನೋಟ್‌ಬುಕ್ ತರಬೇಕು.

15 ಆಗಸ್ಟ್, ಭಾನುವಾರ

ಧ್ವಜ ಏರಿಸಿದ್ದಾಯಿತು, ಮಕ್ಕಳಿಗೆ ಚಾಕಲೇಟ್ ಕೊಟ್ಟಾಯಿತು. ತೋಟದ ಕಡೆ ಹೋದೆ. ಹನ್ನೊಂದು ದಿನ ನೀರಿಲ್ಲದೆ ಹರಿವೆ ಬೀಜಕ್ಕೆ ಬಂದು ಒಣಗಿದೆ. ಸೈಕಲ್ ಸ್ಟ್ಯಾಂಡಿಗೆ ಸುಣ್ಣದ ಗೆರೆ ಎಳೆದಿದ್ದಾರೆ. ನಲ್ಲಿಯ ಹತ್ತಿರ ಒಂದು ಕೆಸು ಮತ್ತೆ ಚಿಗುರಿದೆ. ನಾನು ಕಿತ್ತದ್ದರಲ್ಲಿ ಒಂದು ಗೆಡ್ಡೆ ಉಳಿದಿತ್ತೇನೋ. ಮುಟ್ಟಲಿಲ್ಲ.

ತಮಿಳಿನಲ್ಲಿ ಹೇಗೆ ಹೇಳುವುದೆಂದು ಎರಡು ದಿನದಿಂದ ವಾಕ್ಯ ಜೋಡಿಸುತ್ತಿದ್ದೇನೆ. ಮುರಳಿಯ ಹತ್ತಿರ ಕೇಳಿದೆ, ‘ತಪ್ಪು ನನ್ನದು’ ಎಂಬುದಕ್ಕೆ ಸರಿಯಾಗಿ ಏನು ಹೇಳುತ್ತಾರೆ ಎಂದು. “ತಪ್ಪು ಎನ್ನೋಡದು ತಾನ್, ಅವ್ವಳವುದಾಮ್ಮಾ,” ಎಂದ. ಅಷ್ಟೇ ಅಂತೆ. ಯಾಕೆ ಎಂದು ಕೇಳಲಿಲ್ಲ, ಆಟಕ್ಕೆ ಓಡಿದ.

16 ಆಗಸ್ಟ್, ಸೋಮವಾರ. 10.40

ಎಚ್ಚೆಮ್ ಕೋಣೆಯ ಹೊರಗಿನ ಬೆಂಚು. ಒಳಗೆ ಕರೆಸ್ಪಾಂಡೆಂಟರು, ಮೇಡಂ, ವಿಮಲಾಳ ಅಪ್ಪ. ಫಾರಂ ಎಲ್ಲಿ ಎಂದು ಪ್ಯೂನ್ ಎರಡು ಸಲ ಬಂದು ಕೇಳಿದ. ತರುತ್ತೇನೆ ಎಂದೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಮಲಾ ಪಕ್ಕದಲ್ಲಿ ಕೂತಿದ್ದಾಳೆ, ಯೂನಿಫಾರ್ಮ್ ಹಾಕಿಕೊಂಡು. ಟಿ.ಸಿ. ತೆಗೆದುಕೊಳ್ಳಲಿಕ್ಕೆ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದಾಳೆ. ಗುಡ್ ಮಾರ್ನಿಂಗ್ ಮಿಸ್ ಎಂದಳು.

ನೋಟ್‌ಬುಕ್ ಕೇಳಿದೆ. ಪುಟ ತೆಗೆದೆ. ಅವಳ ಬಾಕ್ಸಿನಿಂದಲೇ ರಬ್ಬರ್ ತೆಗೆದು ಆ ಪೆನ್ಸಿಲ್ ಸಾಲನ್ನು ಅಳಿಸಿದೆ. ಯಾಕೆ ಅಳಿಸುತ್ತೀರಿ ಎಂದು ಗಾಬರಿಯಾದಳು. “ಏನ್ ಮಿಸ್ ಅಳಿಕ್ಕಿರೀಂಗ? ಕರೆಕ್ಟ್ ತಾನೇ?”

“ಕರೆಕ್ಟ್ ತಾನ್,” ಎಂದೆ. “ಆನಾ ಅನ್ನಿಕ್ಕಿ ನಾನ್ ಸೊಲ್ಲಲೆ.” ಸರಿಯೇ, ಆದರೆ ಅವತ್ತು ನಾನು ಹೇಳಿರಲಿಲ್ಲ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಪುಟ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಪುಟ. ಆಮೇಲೆ ಕಣ್ಣು ತುಂಬಿತು. ನಾನು ಅಂದುಕೊಂಡಿದ್ದೆ ಸಿಟ್ಟು ಬರುತ್ತದೆ ಎಂದು. “ಅಪ್ಪೋ ನಾನ್ ಗವನಿಚ್ಚೇನಾ ಮಿಸ್?” ಎಂದಳು. ಹಾಗಾದರೆ ತಾನು ಗಮನ ಕೊಟ್ಟಿದ್ದೆನೇ ಎಂದು ಕೇಳುತ್ತಿದ್ದಾಳೆ.

ನೀನು ಕೊಟ್ಟಿದ್ದೆ ಎಂದೆ. ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದೆ.

ಅವಳ ಪುಟದಲ್ಲಿ ಈಗ ರಬ್ಬರಿನ ಗುರುತು ಮಾತ್ರ ಇದೆ. ನನ್ನದು ಇಂಕು. ಹಾಗೆಯೇ ಒಯ್ದು ತೋರಿಸುತ್ತೇನೆ, ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, ಮೊದಲು ಅವಳ ಅಪ್ಪನಿಗೆ. ಕಾರಣ ಎಂಬ ಕಾಲಂನಲ್ಲಿ ಏನು ಬರೆಯುತ್ತಾರೋ ಆಮೇಲೆ ಬರೆಯಲಿ, ಯಾರ ಹೆಸರಿನಲ್ಲಿ ಬರೆದರೂ ಸರಿ, ಇವಳ ಹೆಸರಿನಲ್ಲಿ ಬೇಡ. ತಪ್ಪು ಎನ್ನೋಡದು ತಾನ್. ತಪ್ಪು ಎನ್ನೋಡದು

ಕರೆದರು. ವಿಮಲಾ ನನಗಿಂತ ಮುಂಚೆ ಎದ್ದು ನಿಂತಿದ್ದಾಳೆ. ಹೋಗುತ್ತೇನೆ.